ನಿಮಗಿದು ಗೊತ್ತೇ? ಬೆರಳ ತುದಿಯಲ್ಲೇ ಹಳಿ ಬದಲು!

ಮೇಜಿನ ಮೇಲೆ ಓಡುವ ಮಾದರಿ ರೈಲಿಗೂ ಕವಲು ದಾರಿ ಬೇಕು. ಕವಲಿಗೊಂದು ಪಾಯಿಂಟ್ ಬೇಕು. ಪಾಯಿಂಟ್ ಬದಲಿಸಲು ಒಂದು ಕೈ ಬೇಕು. ಮೋಟಾರು, ರಿಮೋಟು, ಕಂಪ್ಯೂಟರು ಎಲ್ಲ ಬಂದ ಮೇಲೂ ಈ ಕೆಲಸಕ್ಕೆ ಪುಟ್ಟ ಕೈ ಲಿವರನ್ನೇ ನೆಚ್ಚಿಕೊಂಡ ಹವ್ಯಾಸಿಗಳು ಎಷ್ಟೋ ದೇಶಗಳಲ್ಲಿದ್ದಾರೆ. ಏಕೆಂದು ಕೇಳುತ್ತೀರಾ? ಓದಿ.

● ಪಾಯಿಂಟಿನಲ್ಲಿ ಅಲುಗುವುದು ಎರಡೇ ಹಳಿ ತುಂಡು. ತುದಿ ಚೂಪಾಗಿರುವ ಇವು ನಾಲಿಗೆ ಹಳಿಗಳು. ಎರಡನ್ನೂ ಒಂದು ಅಡ್ಡಪಟ್ಟಿ ಜೋಡಿಸಿರುತ್ತದೆ. ಲಿವರ್ ತಳ್ಳುವುದು ಈ ಪಟ್ಟಿಯನ್ನು. ಒಂದು ನಾಲಿಗೆ ಪಕ್ಕದ ಹಳಿಗೆ ಒತ್ತಿಕೊಂಡಾಗ ಇನ್ನೊಂದು ದೂರ ಸರಿಯುತ್ತದೆ. ಗಾಲಿಯ ಅಂಚು ಆ ಸಂದಿಯಲ್ಲಿ ಹಾದು ತನ್ನ ದಾರಿ ಹಿಡಿಯುತ್ತದೆ.

● ಭಾರತೀಯ ರೈಲ್ವೆಯ ಬ್ರಾಡ್‌ಗೇಜ್‌ನಲ್ಲಿ ಹೊಸದಾಗಿ ಹಾಕುವ ಪಾಯಿಂಟಿನ ನಾಲಿಗೆ ತುದಿ ಕನಿಷ್ಠ 115 ಮಿಲಿಮೀಟರ್ ಸರಿಯಬೇಕು. ಹೆಚ್ಚು ಬಳಕೆಯಲ್ಲಿರುವ ‘ಎಚ್‌ಒ’ ಮಾದರಿಯ ಅಳತೆ 1:87. ಲೆಕ್ಕದ ಪ್ರಕಾರ ಅಲ್ಲಿ ನಾಲಿಗೆ 1.3 ಮಿ.ಮೀ. ಸರಿದರೆ ಸಾಕು! ಆದರೆ ಮಾದರಿ ಗಾಲಿಗಳ ಅಂಚು ಅಳತೆ ಮೀರಿ ದಪ್ಪ. ಹಾಗಾಗಿ ಸಂದಿಯೂ ಒಂದಿಷ್ಟು ಹೆಚ್ಚೇ ಬೇಕು.

● ಒಬ್ಬ ತಯಾರಕನ ಗಾಲಿ ಇನ್ನೊಬ್ಬನ ಪಾಯಿಂಟಿನಲ್ಲಿ ಸಿಕ್ಕಿಬೀಳುವ ಕಾಲವೊಂದಿತ್ತು. ಅದನ್ನು ಸರಿಪಡಿಸಲೆಂದೇ 1935ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ‘ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್’ ಹುಟ್ಟಿತು. ಅದು ಕೊಡುವ ಪುಟ್ಟ ಲೋಹದ ತಗಡೊಂದರಿಂದ ಹಳಿಯ ಅಂತರ, ಗಾಲಿ ಮತ್ತು ಪಾಯಿಂಟಿನ ಸಂದಿ ಮೂರನ್ನೂ ಅಳೆದು ನೋಡಬಹುದು.

● ಅಮೆರಿಕದ ಹವ್ಯಾಸಿಗಳಿಗೆ ಚಿರಪರಿಚಿತವಾದ ಕೈ ಲಿವರ್ ‘ಕಬೂಸ್ ಇಂಡಸ್ಟ್ರೀಸ್’ ಕಂಪನಿಯದು. ಹಳಿಯ ಪಕ್ಕದಲ್ಲೇ ಕೂರುವ ಇದರ ಹಿಡಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಗುಚಿದರೆ ಹಳಿ ಬದಲು. ಅಸಲಿ ಯಾರ್ಡುಗಳಲ್ಲಿ ನೆಲಮಟ್ಟದ ಲಿವರ್ ಕೆಲಸ ಮಾಡುವುದೂ ಹೀಗೆಯೇ. ಒಂದೇ ದೂರು ಎಂದರೆ, ಬೆರಳಿಗೆ ಸಿಗಬೇಕಲ್ಲ, ಅದಕ್ಕೇ ಪಕ್ಕದ ರೈಲು ಡಬ್ಬಿಗಳ ಮುಂದೆ ಇದು ತೀರಾ ದೊಡ್ಡದಾಗಿ ಕಾಣುತ್ತದೆ.

● ಲಿವರುಗಳಲ್ಲಿ ಎರಡು ಜಾತಿ: ಬಿಗಿ ಲಿವರ್, ಸ್ಪ್ರಿಂಗ್ ಲಿವರ್. ಕವಲಿನ ಕಡೆಯಿಂದ ಬರುವ ರೈಲು ತನ್ನ ದಾರಿಗೆ ಹೊಂದದ ಪಾಯಿಂಟಿಗೆ ನುಗ್ಗಿದರೆ, ಬಿಗಿ ಲಿವರ್ ಬಗ್ಗುವುದಿಲ್ಲ. ಗಾಲಿ ಹಳಿ ತಪ್ಪಬಹುದು. ಸ್ಪ್ರಿಂಗ್ ಇದ್ದರೆ ಗಾಲಿಯೇ ನಾಲಿಗೆಯನ್ನು ತಳ್ಳಿಕೊಂಡು ದಾಟುತ್ತದೆ.

● ಲಿವರೇ ಬೇಡದ ಪಾಯಿಂಟೂ ಉಂಟು! ಸಿಡ್ನಿ ಪ್ರಿಚರ್ಡ್ 1946ರಲ್ಲಿ ಕಟ್ಟಿದ ಇಂಗ್ಲೆಂಡಿನ ‘ಪೆಕೊ’ ಕಂಪನಿಯ ಪಾಯಿಂಟಿನೊಳಗೆ ಒಂದು ಸ್ಪ್ರಿಂಗ್ ಇರುತ್ತದೆ. ಬೆರಳಿನಿಂದ ಅಡ್ಡಪಟ್ಟಿಯನ್ನು ನೂಕಿದರೆ ಸಾಕು, ಅರ್ಧ ದಾರಿ ದಾಟಿದೊಡನೆ ಸ್ಪ್ರಿಂಗೇ ಅದನ್ನು ಎಳೆದುಕೊಂಡು ಟಕ್ಕನೆ ಕೂರಿಸುತ್ತದೆ. ಸ್ಪ್ರಿಂಗ್ ಇಲ್ಲದ ಪಾಯಿಂಟಿಗೆ ಹಳೆಯ ಬಾಲ್‌ಪೆನ್ನಿನ ಸ್ಪ್ರಿಂಗ್ ಕೂರಿಸಿ ಇದೇ ಗುಣ ತರಿಸುವ ಜಾಣರೂ ಇದ್ದಾರೆ.

● ಪಾಯಿಂಟಿನ ದೊಡ್ಡ ತಲೆನೋವು ನಾಲಿಗೆಯಲ್ಲ, ಕರೆಂಟು. ಎರಡು ಹಳಿಗಳಿಂದ ಕರೆಂಟ್ ಪಡೆಯುವ ಮಾದರಿಯಲ್ಲಿ ಎಡ ಹಳಿ ಒಂದು ಧ್ರುವ, ಬಲ ಹಳಿ ಇನ್ನೊಂದು. ಕವಲಿನಲ್ಲಿ ಒಂದು ದಾರಿಯ ಎಡ ಹಳಿ ಮತ್ತೊಂದು ದಾರಿಯ ಬಲ ಹಳಿಯನ್ನು ದಾಟಲೇಬೇಕು. ಆ ಕ್ರಾಸಿಂಗ್ ಲೋಹದ್ದಾದರೆ ಶಾರ್ಟ್ ಸರ್ಕ್ಯೂಟ್. ಪ್ಲಾಸ್ಟಿಕ್ಕಿನದಾದರೆ ಶಾರ್ಟ್ ಆಗುವುದಿಲ್ಲ, ಆದರೆ ಅಲ್ಲಿ ಕರೆಂಟೂ ಇರುವುದಿಲ್ಲ. ಗಿಡ್ಡ ಎಂಜಿನ್ನು ನಡುದಾರಿಯಲ್ಲಿ ನಿಂತುಬಿಡುತ್ತದೆ. ಲೋಹದ ಕ್ರಾಸಿಂಗ್ ಇಟ್ಟುಕೊಂಡು, ಪಾಯಿಂಟ್ ತಿರುಗಿದ ಕಡೆಗೆ ಅದರ ಧ್ರುವವನ್ನೂ ಬದಲಿಸುವುದೇ ಇದಕ್ಕೆ ಮದ್ದು.

● ಆ ಮದ್ದು ಸಿಗುವುದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ. ಆರು ಕಾಲಿನ ಸಾಮಾನ್ಯ ಸ್ಲೈಡ್ ಸ್ವಿಚ್ಚಿನ ಗುಂಡಿಗೆ ತೂತು ಕೊರೆದು, ಅದರಿಂದ ಗಟ್ಟಿ ತಂತಿಯೊಂದನ್ನು ಪಾಯಿಂಟಿನ ಅಡ್ಡಪಟ್ಟಿಗೆ ಸಿಕ್ಕಿಸುತ್ತಾರೆ. ಸ್ವಿಚ್ ಸರಿಸಿದರೆ ನಾಲಿಗೆ ಸರಿಯುತ್ತದೆ, ಕ್ರಾಸಿಂಗಿನ ಧ್ರುವ ಬದಲಾಗುತ್ತದೆ. ಮಿಕ್ಕ ಮೂರು ಕಾಲಿನಿಂದ ಸಿಗ್ನಲ್ ದೀಪವನ್ನೂ ಕೆಂಪು, ಹಸಿರು ಮಾಡಿಕೊಳ್ಳಬಹುದು. ಒಂದೇ ನೂಕಿಗೆ ಮೂರು ಕೆಲಸ!

● ಜರ್ಮನಿಯ ಮಾರ್ಕ್ಲಿನ್ ಕಂಪನಿಯ ‘ಎಚ್‌ಒ’ ರೈಲುಗಳಿಗೆ ಮಾತ್ರ ಈ ಶಾರ್ಟ್ ಸರ್ಕ್ಯೂಟಿನ ಭಯವಿಲ್ಲ. ಅಲ್ಲಿ ಎರಡೂ ಹಳಿ ಒಂದೇ ಧ್ರುವ. ಇನ್ನೊಂದು ಧ್ರುವ ಹಳಿಗಳ ನಡುವಿನ ಸಣ್ಣ ಮೊಳೆಗಳಲ್ಲಿ ಇರುತ್ತದೆ.

● ಗುಂಡಿ ಒತ್ತಿದರೆ ಪಾಯಿಂಟ್ ಹಾರಿಸುವ ಸುರುಳಿ ಯಂತ್ರಕ್ಕೆ ಕರೆಂಟ್ ಬೇಕಾಗಿರುವುದು ಒಂದು ಕ್ಷಣ ಮಾತ್ರ. ಗುಂಡಿ ಸಿಕ್ಕಿಕೊಂಡು ಕರೆಂಟ್ ಹರಿಯುತ್ತಲೇ ಇದ್ದರೆ ಸುರುಳಿ ಸುಟ್ಟುಹೋಗುತ್ತದೆ. ಕೈ ಲಿವರಿನಲ್ಲಿ ಸುಡಲು ಏನೂ ಇಲ್ಲ.

● ಹಳಿಯ ಜೊತೆಗೇ ಮೋಟಾರು ಕೊಡುವವರೂ ಕೈಯನ್ನು ಪೂರ್ತಿ ಬಿಟ್ಟಿಲ್ಲ. ಜಪಾನಿನ ಕಾಟೊ ಕಂಪನಿಯ ‘ಯುನಿಟ್ರ್ಯಾಕ್’ನಲ್ಲಿ ಸುರುಳಿ ಯಂತ್ರ ಹಳಿಯ ಅಡಿಯ ದಿಬ್ಬದೊಳಗೇ ಅಡಗಿರುತ್ತದೆ. ಆದರೂ ಪಕ್ಕದಲ್ಲಿ ಕೈಯಿಂದ ಸರಿಸಲು ಒಂದು ಪುಟ್ಟ ಹಿಡಿ ಇದ್ದೇ ಇದೆ.

● ಮಾದರಿ ಲಿವರುಗಳ ಅಸಲಿ ಪಾಠಶಾಲೆ, ಪಾಯಿಂಟು ಮತ್ತು ಸಿಗ್ನಲ್ಲುಗಳ ಲಿವರುಗಳೆಲ್ಲ ಒಂದೆಡೆ ಇರುವ ರೈಲ್ವೆ ಕ್ಯಾಬಿನ್. ಪಾಯಿಂಟ್ ಒಂದು ಕಡೆ, ಸಿಗ್ನಲ್ ಇನ್ನೊಂದು ಕಡೆ ತೋರಿಸಿದರೆ ಅನಾಹುತ. ಅದಕ್ಕೇ ಪಾಯಿಂಟ್ ಮತ್ತು ಸಿಗ್ನಲ್ ಒಟ್ಟಿಗೇ ಬದಲಾಗುವ ವ್ಯವಸ್ಥೆಗೆ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ಪೇಟೆಂಟ್ ಪಡೆದ. ಮುಂದೆ, ಒಂದು ಲಿವರ್ ಎಳೆದರೆ ಅದಕ್ಕೆ ವಿರುದ್ಧವಾದ ಲಿವರಿಗೆ ತಾನಾಗಿ ಬೀಗ ಬೀಳುವ ವ್ಯವಸ್ಥೆಯೂ ಬಂತು. ಇದೇ ಇಂಟರ್‌ಲಾಕಿಂಗ್. ಐರ್ಲೆಂಡಿನ ಅರ್ಮಾ ರೈಲು ದುರಂತದ ಬೆನ್ನಲ್ಲೇ 1889ರಲ್ಲಿ ಬ್ರಿಟನ್ ಇದನ್ನು ಕಾನೂನಿನಿಂದ ಕಡ್ಡಾಯ ಮಾಡಿತು.

● ಈ ಬೀಗದ ಆಟ ಮೇಜಿನ ಮೇಲೂ ನಡೆಯುತ್ತದೆ. ಆಸ್ಟ್ರೇಲಿಯಾದ ‘ಮಾಡ್ರಾಟೆಕ್’ ಇಂಟರ್‌ಲಾಕಿಂಗ್ ಇರುವ ಪುಟಾಣಿ ಲಿವರ್ ಸಾಲಿನ ಕಿಟ್ ಮಾರುತ್ತದೆ. ಪಾಯಿಂಟ್ ಸರಿಯಾಗಿ ಕೂರದೆ ಸಿಗ್ನಲ್ ಲಿವರ್ ಎಳೆಯಲು ಹೋದರೆ, ಅದು ಜಪ್ಪಯ್ಯ ಎಂದರೂ ಬರುವುದಿಲ್ಲ.

● ಕ್ಯಾಬಿನ್ನಿನ ಲಿವರುಗಳಿಗೆ ಬಣ್ಣದ ಗುರುತಿದೆ. ಪಾಯಿಂಟಿಗೆ ಕಪ್ಪು, ಪಾಯಿಂಟಿನ ಬೀಗಕ್ಕೆ ನೀಲಿ, ನಿಲ್ಲು ಎನ್ನುವ ಸಿಗ್ನಲ್ಲಿಗೆ ಕೆಂಪು, ಕೆಲಸವಿಲ್ಲದ ಲಿವರಿಗೆ ಬಿಳಿ. ಬ್ರಿಟನ್ನಿನ ಈ ಪದ್ಧತಿಯೇ ನಮ್ಮ ರೈಲ್ವೆಗೂ ಬಂತು. ಶ್ರದ್ಧೆಯುಳ್ಳ ಹವ್ಯಾಸಿಗಳು ತಮ್ಮ ಲಿವರುಗಳಿಗೂ ಇದೇ ಬಣ್ಣ ಬಳಿಯುತ್ತಾರೆ.

● ಹಳೆಯ ಫೋಟೊಗಳಲ್ಲಿ ಸಿಗ್ನಲ್‌ಮನ್ ಕೈಯಲ್ಲಿ ಬಟ್ಟೆ ಹಿಡಿದೇ ಲಿವರ್ ಎಳೆಯುವುದನ್ನು ಗಮನಿಸಿದ್ದೀರಾ? ಅದು ಅಂಗೈ ರಕ್ಷಣೆಗಲ್ಲ. ಫಳಫಳಿಸುವ ಉಕ್ಕಿನ ಹಿಡಿಗೆ ಬೆವರು ತಾಗಿ ತುಕ್ಕು ಹಿಡಿಯಬಾರದೆಂದು!

● ಇಂಗ್ಲೆಂಡಿನ ಶ್ರೂಸ್‌ಬರಿಯ ‘ಸೆವರ್ನ್ ಬ್ರಿಜ್ ಜಂಕ್ಷನ್’ ಕ್ಯಾಬಿನ್ನಿನಲ್ಲಿ 180 ಲಿವರುಗಳ ಸಾಲಿದೆ. 1903ರಲ್ಲಿ ಕಟ್ಟಿದ ಇದು ಯಾಂತ್ರಿಕ ಲಿವರ್ ಕ್ಯಾಬಿನ್ನುಗಳಲ್ಲಿ ಇಂದಿಗೆ ಉಳಿದಿರುವ ಅತಿ ದೊಡ್ಡದು ಎಂದು ಹೆಸರಾಗಿದೆ.

● ಕ್ಯಾಬಿನ್ನಿನಿಂದ ಪಾಯಿಂಟಿಗೆ ಹೋಗುವ ಕಬ್ಬಿಣದ ಸಲಾಕೆಗೂ ಬಿಸಿಲಿನ ಕಾಟವಿದೆ. 100 ಮೀಟರ್ ಉದ್ದದ ಸಲಾಕೆ 30 ಡಿಗ್ರಿ ಕಾದರೆ ಸುಮಾರು 36 ಮಿ.ಮೀ. ಹಿಗ್ಗುತ್ತದೆ. ಲಿವರ್ ಮುಟ್ಟದಿದ್ದರೂ ನಾಲಿಗೆ ಅಲುಗಾಡಲು ಅಷ್ಟು ಸಾಕು. ಅದಕ್ಕೇ ನಡುವೆ ಚಲನೆಯ ದಿಕ್ಕನ್ನು ತಿರುಗಿಸುವ ಕ್ರ್ಯಾಂಕ್ ಹಾಕುತ್ತಾರೆ. ಒಂದು ಭಾಗದ ಹಿಗ್ಗು ಇನ್ನೊಂದರ ಹಿಗ್ಗನ್ನು ವಜಾ ಮಾಡುತ್ತದೆ. ಮಾದರಿಯಲ್ಲಿ ತೊಂದರೆ ಕೊಡುವುದು ಬಿಸಿಲಿಗಿಂತ ತೇವ. ಮರದ ಹಲಗೆ ಉಬ್ಬುತ್ತದೆ, ಕುಗ್ಗುತ್ತದೆ. ತಂತಿಯ ನಡುವೆ ಒಂದು ಬಾಗು ಬಿಟ್ಟರೆ ಆ ವ್ಯತ್ಯಾಸವನ್ನೆಲ್ಲ ಅದೇ ನುಂಗಿಕೊಳ್ಳುತ್ತದೆ.

● ಲಿವರ್ ಬಿಟ್ಟು ವಿದ್ಯುತ್ತಿನ ಬೆನ್ನು ಹತ್ತಿದವರ ಕತೆಯೂ ಸ್ವಾರಸ್ಯವೇ. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ಶುರುವಾದ ‘ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್’ ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳಿಂದ, ಅಂದರೆ ವಿದ್ಯುತ್ತಿನಿಂದ ಆಡುವ ಸ್ವಿಚ್ಚುಗಳಿಂದ, ತನ್ನ ರೈಲುಗಳನ್ನು ನಿಯಂತ್ರಿಸಿತು. ಮೇಜಿನ ಕೆಳಗೆ ವೈರು ಜೋಡಿಸುತ್ತಿದ್ದ ಹುಡುಗರು ಮುಂದೆ ಕಂಪ್ಯೂಟರಿಗೆ ಕೈ ಹಾಕಿದರು. 1962ರ ‘ಸ್ಪೇಸ್‌ವಾರ್’ ಎಂಬ ಆರಂಭಕಾಲದ ಕಂಪ್ಯೂಟರ್ ಆಟ ಬರೆದ ಸ್ಟೀವ್ ರಸೆಲ್ ಇದೇ ಕ್ಲಬ್ಬಿನವರು.

● ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ತೆರೆದ ‘ಮಿನಿಯಾಟೂರ್ ವುಂಡರ್‌ಲಾಂಡ್’ ಜಗತ್ತಿನ ಅತಿ ದೊಡ್ಡ ಮಾದರಿ ರೈಲು ಲೋಕ. ಅಲ್ಲಿ ರೈಲು ಓಡಿಸುವುದೂ, ಪಾಯಿಂಟ್ ಬದಲಿಸುವುದೂ ಕಂಪ್ಯೂಟರ್. ಅಷ್ಟು ದೊಡ್ಡದನ್ನು ಕೈಯಿಂದ ನಡೆಸುವುದು ಆಗದ ಮಾತು. ನಮ್ಮ ದೇಶದಲ್ಲೇ ನೋಡಬೇಕೆಂದರೆ ಪುಣೆಯ ಕೋಥ್ರೂಡ್‌ಗೆ ಹೋಗಿ. ಬಿ. ಎಸ್. ಜೋಶಿಯವರ ಪುಟಾಣಿ ರೈಲು ಮ್ಯೂಸಿಯಂ 1998ರಿಂದ ಅಲ್ಲಿದೆ.

● ಆಟದ ಸೊಗಸಿಗೆ ನೂರಾರು ಪಾಯಿಂಟ್ ಬೇಕಿಲ್ಲ, ಎರಡು ಸಾಕು. ಇಂಗ್ಲೆಂಡಿನ ಅಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್’ ಒಗಟಿನಲ್ಲಿ ಮೂರು ಕವಲು ಹಳಿ, ಎಂಟು ಡಬ್ಬಿ, ಒಂದು ಎಂಜಿನ್. ಒಂದು ಹಳಿಯಲ್ಲಿ ಐದು, ಉಳಿದೆರಡರಲ್ಲಿ ಮೂರು ಮೂರು ಡಬ್ಬಿ ಹಿಡಿಯುತ್ತವೆ. ಚೀಟಿ ಎತ್ತಿ ಬಂದ ಕ್ರಮದಲ್ಲೇ ಐದು ಡಬ್ಬಿಯ ರೈಲು ಕಟ್ಟಬೇಕು. ಇಂಥ ರೈಲನ್ನು 6,720 ಬಗೆಯಲ್ಲಿ ಕೇಳಬಹುದು! ಇಡೀ ಆಟ ಒಂದು ಉದ್ದ ಹಲಗೆಯ ಮೇಲೆ ಹಿಡಿಸುತ್ತದೆ. ಲಿವರುಗಳೆರಡೂ ಕೈಯಳತೆಯಲ್ಲೇ ಇರುತ್ತವೆ.

● ಅಮೆರಿಕದ ಜಾನ್ ಆಲನ್ ಇನ್ನೂ ಕಾಡುವ ಒಗಟು ಮಾಡಿದ. 1972ರಲ್ಲಿ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯಲ್ಲಿ ಬಂದ ಅದರ ಹೆಸರು ‘ಟೈಮ್‌ಸೇವರ್’, ಅಂದರೆ ಸಮಯ ಉಳಿಸುವಂಥದ್ದು. ಐದು ಪಾಯಿಂಟುಗಳ ಈ ಆಟ ಹವ್ಯಾಸಿಗಳ ಸಮಯವನ್ನು ತಿಂದದ್ದೇ ಹೆಚ್ಚು.

● ಹಾಗಾದರೆ ಯಾವುದು ಮೇಲು? ಲೆಕ್ಕ ಸರಳ. ಮೇಜಿನ ಅಂಚಿನಿಂದ ಸುಮಾರು 75 ಸೆಂಟಿಮೀಟರಿನೊಳಗೆ ಇರುವ ಪಾಯಿಂಟ್ ಕೈ ಚಾಚಿದರೆ ಸಿಗುತ್ತದೆ. ಅಲ್ಲಿ ಲಿವರೇ ಅಗ್ಗ, ಲಿವರೇ ಗಟ್ಟಿ. ಅದಕ್ಕಿಂತ ದೂರದ್ದಕ್ಕೂ ಸುರಂಗದೊಳಗಿನದಕ್ಕೂ ಮೋಟಾರು ಹಾಕಿ, ಇಲ್ಲವೇ ಕೊಳವೆಯೊಳಗೆ ತಂತಿ ಹಾಯಿಸಿ ಹಿಡಿಯನ್ನು ಮೇಜಿನ ಅಂಚಿಗೆ ತನ್ನಿ. ಮನೆಯಲ್ಲಿ ಮಕ್ಕಳಿಗೆ ರೈಲು ಸೆಟ್ ಕೊಡಿಸುವಿರಾದರೆ ಮೊದಲ ಪಾಯಿಂಟ್ ಕೈ ಲಿವರಿನದೇ ಇರಲಿ. ಗುಂಡಿ ಒತ್ತುವುದನ್ನು ಮೊಬೈಲು ಹೇಗೂ ಕಲಿಸಿದೆ. ಹಳಿ ಹೇಗೆ ಬದಲಾಗುತ್ತದೆ ಎನ್ನುವುದನ್ನು ಲಿವರ್ ಕಲಿಸುತ್ತದೆ.