ಕೋಣೆಯ ದರಕ್ಕಿಂತ ಮನೆಮಂದಿಯ ಲೆಕ್ಕ ಮುಖ್ಯ

ರಜೆ ಹತ್ತಿರ ಬಂತೆಂದರೆ ಮಂಗಳೂರಿನ ಕೊಟ್ಟಾರದ ಮನೆಗಳಲ್ಲಿ ಮಕ್ಕಳ ಬಾಯಲ್ಲಿ ಒಂದೇ ಹೆಸರು: ವಂಡರ್‌ಲಾ. ಪಿಲಿಕುಳದ ಮಾನಸ ವಾಟರ್ ಪಾರ್ಕ್ ಅವರಿಗೆ ನೋಡಿ ಆಗಿದೆ. ಬೆಳಗ್ಗೆ ಹೋಗಿ ಸಂಜೆ ಮನೆಗೆ ಬಂದು ಊಟ ಮಾಡುವಷ್ಟು ಹತ್ತಿರ ಅದು. ಕಣ್ಣೂರು ಜಿಲ್ಲೆಯ ವಿಸ್ಮಯ ಪಾರ್ಕಿಗೂ ನಸುಕಿನಲ್ಲೇ ಕಾರು ಹತ್ತಿದರೆ ರಾತ್ರಿಯೊಳಗೆ ವಾಪಸು ಬರಬಹುದು. ಬಿಡದಿ ಹತ್ತಿರದ ವಂಡರ್‌ಲಾ ಹಾಗಲ್ಲ. ಘಟ್ಟ ಹತ್ತಬೇಕು, ರಾತ್ರಿ ಉಳಿಯಬೇಕು. ಪಾರ್ಕಿನ ಟಿಕೆಟ್ಟಿನಲ್ಲಿ ಹೆಚ್ಚು ಚೌಕಾಸಿಗೆ ಜಾಗವಿಲ್ಲ; ಖರ್ಚು ಏರುವುದೂ ಇಳಿಯುವುದೂ ಉಳಿಯುವ ಕೋಣೆಯಲ್ಲಿ.

ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಲ್ಲಿ ಶುರುವಾದ ಸಂಸ್ಥೆ 2005ರಲ್ಲಿ ಬೆಂಗಳೂರು–ಮೈಸೂರು ರಸ್ತೆಯಲ್ಲಿ ತನ್ನ ಎರಡನೇ ಪಾರ್ಕಾಗಿ ಈ ವಂಡರ್‌ಲಾವನ್ನು ತೆರೆಯಿತು. ಅದರ ಆವರಣಕ್ಕೇ ಸೇರಿದ ರೆಸಾರ್ಟ್ ಬಂದದ್ದು 2012ರಲ್ಲಿ. ಅಲ್ಲಿರುವುದು 84 ಕೋಣೆಗಳು. ರಜೆಯ ದಿನಗಳಲ್ಲಿ ಪಾರ್ಕಿಗೆ ಬರುವ ಜನರ ಮುಂದೆ ಇದು ಏನೂ ಅಲ್ಲ. ತಡವಾಗಿ ಫೋನ್ ಮಾಡಿದವರಿಗೆ ದುಬಾರಿ ಕೋಣೆಗಳಷ್ಟೇ ಉಳಿದಿರುತ್ತವೆ.

ಸೂಟ್ ಯಾರಿಗೆ ಬೇಕು?

ಥೀಮ್ ಪಾರ್ಕ್ ಹೋಟೆಲುಗಳಲ್ಲಿ ಫ್ಯಾಮಿಲಿ ಸೂಟ್ ಎಂಬುದನ್ನು ಜನಪ್ರಿಯ ಮಾಡಿದವರಲ್ಲಿ ಅಮೆರಿಕದ ಡಿಸ್ನಿಯವರು ಪ್ರಮುಖರು. ಫ್ಲಾರಿಡಾದ ಆಲ್-ಸ್ಟಾರ್ ಮ್ಯೂಸಿಕ್ ಹೋಟೆಲಿನಲ್ಲಿ ಎರಡೆರಡು ಸಾದಾ ಕೋಣೆಗಳನ್ನು ಸೇರಿಸಿ ಒಂದೊಂದು ಸೂಟ್ ಮಾಡಿದರು. 2012ರಲ್ಲಿ ತೆರೆದ ಆರ್ಟ್ ಆಫ್ ಅನಿಮೇಷನ್ ಹೋಟೆಲಿನಲ್ಲಿ ಆರು ಜನರ ಸೂಟುಗಳನ್ನೇ ಸಾವಿರಕ್ಕೂ ಮಿಕ್ಕಿ ಕಟ್ಟಿಸಿದರು. ಎರಡು ಬಾತ್‌ರೂಮ್, ಸಣ್ಣದೊಂದು ಅಡುಗೆ ಕಟ್ಟೆ, ನಡುವೆ ಮುಚ್ಚಿಕೊಳ್ಳುವ ಬಾಗಿಲು – ಇಷ್ಟಿದ್ದರೆ ಮಾತ್ರ ಸೂಟಿಗೆ ಕೊಡುವ ಹೆಚ್ಚುವರಿ ದುಡ್ಡಿಗೆ ಅರ್ಥ ಇದೆ.

ನಮ್ಮಲ್ಲಿ ಸೂಟ್ ಎಂದರೆ ಹಲವೆಡೆ ದೊಡ್ಡ ಮಂಚ, ಒಂದು ಸೋಫಾ, ಎರಡು ಟಿ.ವಿ. ಅಷ್ಟೆ, ಬಾತ್‌ರೂಮ್ ಒಂದೇ. ಆರು ಜನ ಒದ್ದೆ ಬಟ್ಟೆಯಲ್ಲಿ ಬಂದು ಸ್ನಾನಕ್ಕೆ ಸಾಲು ನಿಂತಾಗ ಸೋಫಾದಿಂದ ಯಾವ ಉಪಕಾರವೂ ಇಲ್ಲ. ಬುಕ್ ಮಾಡುವ ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು: ಬಾತ್‌ರೂಮ್ ಎಷ್ಟು, ನಡುವೆ ಬಾಗಿಲು ಇದೆಯೇ, ಬಟ್ಟೆ ಒಣಗಿಸಲು ಬಾಲ್ಕನಿ ಉಂಟೇ. ಅಜ್ಜ–ಅಜ್ಜಿ ಜೊತೆಗಿದ್ದು ರಾತ್ರಿ ಒಬ್ಬರಿಗೊಬ್ಬರು ಬೇಕಾಗುತ್ತಾರೆ ಎಂದಾದರೆ ಬಾಗಿಲಿರುವ ಸೂಟ್ ಸರಿ. ಗಂಡ–ಹೆಂಡತಿ, ಎರಡು ಸಣ್ಣ ಮಕ್ಕಳಾದರೆ ಸಾದಾ ಕೋಣೆಗೆ ಒಂದು ಹೆಚ್ಚುವರಿ ಹಾಸಿಗೆ ಹಾಕಿಸಿದರೆ ಧಾರಾಳವಾಯಿತು.

7,500ರ ಗೆರೆ

ಹೆಚ್ಚಿನವರು ಮರೆಯುವುದು ತೆರಿಗೆಯನ್ನು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಹೋಟೆಲ್ ಕೋಣೆಗೆ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಅದಕ್ಕಿಂತ ಒಂದು ರೂಪಾಯಿ ಹೆಚ್ಚಾದರೂ ಶೇ 18. ಲೆಕ್ಕ ನೋಡಿ: 7,500 ರೂ. ಕೋಣೆಗೆ ಕಟ್ಟಬೇಕಾದ್ದು 7,875, 7,600 ರೂ. ಕೋಣೆಗೆ 8,968. ನೂರು ರೂಪಾಯಿ ಮೇಲೆ ಹೋದ ತಪ್ಪಿಗೆ 1,093 ರೂ. ಹೆಚ್ಚು!

ಈ ತೆರಿಗೆ ಒಂದೊಂದು ಕೋಣೆಗೆ ಬೇರೆ ಬೇರೆ. ಉದಾಹರಣೆಗೆ 8,000 ರೂ. ಸೂಟಿಗೆ ತೆರಿಗೆ ಸೇರಿ 9,440 ಆದರೆ, 4,000ದ ಎರಡು ಕೋಣೆಗಳಿಗೆ ಒಟ್ಟು 8,400. ಸಾವಿರಕ್ಕೂ ಮಿಕ್ಕಿ ಉಳಿತಾಯ, ಜೊತೆಗೆ ಎರಡು ಬಾತ್‌ರೂಮ್! ಅಕ್ಕಪಕ್ಕದ ಕೋಣೆಯೇ ಬೇಕೆಂದು ಬುಕ್ಕಿಂಗ್ ಸಮಯದಲ್ಲೇ ಬರೆಸಿ. ನಡುವೆ ಬಾಗಿಲಿರುವ ಕನೆಕ್ಟಿಂಗ್ ರೂಮ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಜಾಹೀರಾತಿನ ದರ ಬಿಟ್ಟುಬಿಡಿ. ಹಾಸಿಗೆ, ತಿಂಡಿ, ತೆರಿಗೆ ಎಲ್ಲ ಸೇರಿ ಎಷ್ಟಾಗುತ್ತದೆಂದು ಕೇಳಿ. ಬೆಳಗಿನ ತಿಂಡಿ ಉಚಿತ ಎನ್ನುವುದು ಹಲವು ಕಡೆ ಇಬ್ಬರಿಗೆ ಮಾತ್ರ. ಉಳಿದವರು ಬಿಡದಿ ಪೇಟೆಗೆ ಹೋಗಿ ತಟ್ಟೆ ಇಡ್ಲಿ ತಿನ್ನಬಹುದು; ನಾಲಿಗೆಗೂ ಕಿಸೆಗೂ ಹಿತ.

ವಯಸ್ಸೋ, ಎತ್ತರವೋ

ಮಕ್ಕಳ ವಿಷಯದಲ್ಲಿ ಹೋಟೆಲಿಗೂ ಪಾರ್ಕಿಗೂ ಬೇರೆ ಬೇರೆ ಅಳತೆ. ಹೋಟೆಲಿನವರು ಕೇಳುವುದು ವಯಸ್ಸು. ಪಾರ್ಕಿನ ಗೇಟಿನಲ್ಲಿ ನೋಡುವುದು ಎತ್ತರ: ವಂಡರ್‌ಲಾದಲ್ಲಿ 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಟಿಕೆಟ್ ಇಲ್ಲ, 140 ಸೆಂ.ಮೀ.ವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರ ಲೆಕ್ಕ. ಉದ್ದಕ್ಕೆ ಬೆಳೆದ ಹನ್ನೊಂದರ ಹುಡುಗ ಹೋಟೆಲಿನಲ್ಲಿ ಮಗು, ಪಾರ್ಕಿನಲ್ಲಿ ದೊಡ್ಡವ. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದು, ಮಕ್ಕಳ ಆಧಾರ್ ಪ್ರತಿಯನ್ನೂ ಬ್ಯಾಗಿಗೆ ಹಾಕಿಕೊಳ್ಳಿ. ನೀರಾಟಕ್ಕೆ ಹತ್ತಿ ಬಟ್ಟೆ ನಡೆಯದು, ನೈಲಾನ್ ಬೇಕು. ಅದನ್ನು ಊರಿನ ಹಂಪನಕಟ್ಟೆಯಲ್ಲೇ ಕೊಂಡರೆ ಪಾರ್ಕಿನ ಅಂಗಡಿಗೆ ದುಡ್ಡು ಸುರಿಯುವುದು ತಪ್ಪುತ್ತದೆ.

ಒಂದು ರಾತ್ರಿ ಸಾಕು

ಕೊಟ್ಟಾರದವರಿಗೆ ಬಿಜೈ ಬಸ್ ನಿಲ್ದಾಣ ಪಕ್ಕದಲ್ಲೇ ಇದೆ. ರಾತ್ರಿ ಬಸ್ಸು ಹತ್ತಿದರೆ ನಸುಕಿಗೆ ಬೆಂಗಳೂರು. ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೊ 2023ರಿಂದ ಮೈಸೂರು ರಸ್ತೆಯ ಚಲ್ಲಘಟ್ಟದವರೆಗೂ ಹೋಗುತ್ತದೆ, ಅಲ್ಲಿಂದ ಮುಂದೆ ಬಸ್ಸೋ ಆಟೊವೋ. ಆದರೆ ಹೋಟೆಲಿನ ಕೋಣೆ ಕೈಗೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನವೇ. ಬೆಳಗ್ಗೆಯೇ ಕೋಣೆ ಬೇಕೆಂದು ಹಿಂದಿನ ದಿನದ ಬಾಡಿಗೆಯನ್ನೂ ಕೊಡುವವರಿದ್ದಾರೆ. ಅದು ಬೇಡ. ಸಾಮಾನನ್ನು ರಿಸೆಪ್ಶನ್ನಿನಲ್ಲಿ ಇಟ್ಟು ಪಾರ್ಕಿಗೆ ನಡೆಯಿರಿ, ಸಂಜೆ ಬಂದು ಕೋಣೆ ಹಿಡಿಯಿರಿ, ಮರುದಿನ ನಿಧಾನವಾಗಿ ಎದ್ದು ಹೊರಡಿ. ವಯಸ್ಸಾದವರಿದ್ದರೆ ಇದನ್ನೇ ತಿರುವಿ: ಹಗಲು ಪ್ರಯಾಣ, ರಾತ್ರಿ ನಿದ್ದೆ, ಮರುದಿನ ಪಾರ್ಕ್, ಅದೇ ರಾತ್ರಿಯ ಬಸ್ಸಿಗೆ ಊರು. ಎರಡರಲ್ಲೂ ಒಂದೇ ರಾತ್ರಿಯ ಬಾಡಿಗೆ.

ಮಳೆಗಾಲದಲ್ಲಿ ಜನ ಕಡಿಮೆ, ಕೋಣೆ ಸಿಗುವುದು ಸುಲಭ. ಆದರೆ ದಾರಿ ನಂಬುವಂತಿಲ್ಲ. 2024ರ ಜುಲೈಯಲ್ಲಿ ಸಕಲೇಶಪುರದ ಬಳಿ ಹಳಿಯ ಕೆಳಗಿನ ಮಣ್ಣು ಜರಿದು ಮಂಗಳೂರು–ಬೆಂಗಳೂರು ರೈಲು ದಿನಗಟ್ಟಲೆ ನಿಂತಿತ್ತು. ಆ ತಿಂಗಳುಗಳಲ್ಲಿ ಹೊರಡುವವರು, ದರ ಸ್ವಲ್ಪ ಹೆಚ್ಚಾದರೂ ರದ್ದು ಮಾಡಿದರೆ ಹಣ ವಾಪಸು ಕೊಡುವ ಬುಕ್ಕಿಂಗನ್ನೇ ಆರಿಸಬೇಕು.

ಒಟ್ಟು ಮಾತು ಇಷ್ಟೇ: ನಾಲ್ವರಿಗೆ ಒಂದು ಕೋಣೆ, ಒಂದು ಹೆಚ್ಚುವರಿ ಹಾಸಿಗೆ, ಆರು ಜನರಿಗೆ ಅಕ್ಕಪಕ್ಕದ ಎರಡು ಕೋಣೆ, ಸೂಟ್ ಬೇಕೇಬೇಕೆಂದಿದ್ದರೆ 7,500ರ ಒಳಗಿನದು. ಮಕ್ಕಳು ಹಗಲೆಲ್ಲ ನೀರಿನಲ್ಲೇ ಇರುತ್ತಾರೆ, ರಾತ್ರಿ ದಿಂಬು ಸಿಕ್ಕಿದೊಡನೆ ಮಲಗುತ್ತಾರೆ. ಸೋಫಾಕ್ಕೆ ಕೊಡುವ ದುಡ್ಡನ್ನು ಉಳಿಸಿಕೊಳ್ಳಿ.