ಹೀರೋ ಗುದ್ದಿದರೆ ವಿಲನ್ ಹಾರೋದು ಹೇಗೆ?

ನಮ್ಮ ಹೀರೋ ಒಂದೇ ಒಂದು ಗುದ್ದು ಕೊಟ್ಟ ಅನ್ನಿ. ಆರಡಿ ಎತ್ತರದ ವಿಲನ್ ಗಾಳಿಯಲ್ಲಿ ಪಲ್ಟಿ ಹೊಡೆದು ಟೊಮೇಟೊ ಗಾಡಿಯ ಮೇಲೆ ದೊಪ್ಪನೆ ಬೀಳ್ತಾನೆ. ಟಾಕೀಸಿನಲ್ಲಿ ಶಿಳ್ಳೆಯೋ ಶಿಳ್ಳೆ! ನಾನೂ ಹೊಡೆದಿದ್ದೇನೆ, ಸುಳ್ಳು ಯಾಕೆ ಹೇಳಲಿ?

ಆದರೆ ನ್ಯೂಟನ್ ಮಹಾಶಯರು 1687ರಲ್ಲೇ ಬರೆದಿಟ್ಟಿದ್ದಾರೆ. ಪ್ರತಿಯೊಂದು ಕ್ರಿಯೆಗೂ ಅಷ್ಟೇ ಬಲದ ಪ್ರತಿಕ್ರಿಯೆ ಎದುರು ದಿಕ್ಕಿನಲ್ಲಿ ಇದ್ದೇ ಇರುತ್ತದೆ. ಹೈಸ್ಕೂಲಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇ. ವಿಲನ್‌ನನ್ನು ಇಪ್ಪತ್ತಡಿ ಹಾರಿಸುವಂಥ ಗುದ್ದಾದರೆ ಅದೇ ಬಲ ಹೀರೋವನ್ನೂ ಹಿಂದಕ್ಕೆ ದಬ್ಬಬೇಕು. ಕಾಲೂರಿ ನಿಂತರೂ ನೆಲದ ಘರ್ಷಣೆ ಅಷ್ಟನ್ನು ತಡೆಯದು. ನಮ್ಮವನೋ, ಕ್ರಾಪು ಕೂಡ ಕೆದರದೆ ನಿಂತಿರುತ್ತಾನೆ! ಗುಟ್ಟು ವಿಲನ್ ಸೊಂಟಕ್ಕೆ ಕಟ್ಟಿದ ಹಗ್ಗದಲ್ಲಿದೆ. ಎಳೆಯುವವರು ಕ್ಯಾಮೆರಾ ಕಣ್ಣಿಗೆ ಬೀಳುವುದಿಲ್ಲ, ಹಗ್ಗವನ್ನು ಈಗ ಕಂಪ್ಯೂಟರ್ ಅಳಿಸಿಹಾಕುತ್ತದೆ.

ಮಹಡಿಯಿಂದ ಧುಮುಕುವ ದೃಶ್ಯ ಹಾಗಲ್ಲ. ಎಷ್ಟೋ ಸಲ ಡ್ಯೂಪ್ ನಿಜಕ್ಕೂ ಬೀಳುತ್ತಾನೆ. ಒಂದು ಸೆಕೆಂಡಿಗೆ ಸುಮಾರು 5 ಮೀಟರ್ ಕೆಳಗೆ, ವೇಗ ಗಂಟೆಗೆ 35 ಕಿಲೋಮೀಟರ್. ಎರಡು ಸೆಕೆಂಡಿಗೆ ಹತ್ತಿರ ಹತ್ತಿರ 20 ಮೀಟರ್, ವೇಗ 70! ದಪ್ಪಗಿದ್ದವನು ಬೇಗ ಬೀಳ್ತಾನೆ ಅನ್ನೋದೆಲ್ಲ ಬರೀ ಮಾತು, ಇಷ್ಟು ಎತ್ತರದಲ್ಲಿ ಸಣಕಲನೂ ಅದೇ ಲೆಕ್ಕ.

ಪೆಟ್ಟಿನ ಲೆಕ್ಕ ಶುರುವಾಗೋದು ನೆಲ ಮುಟ್ಟಿದ ಮೇಲೆ. 5 ಮೀಟರ್ ಮೇಲಿಂದ ಬಿದ್ದವನು ಸಿಮೆಂಟು ನೆಲದಲ್ಲಿ ಐದೇ ಸೆಂಟಿಮೀಟರಿನೊಳಗೆ ನಿಂತುಬಿಟ್ಟರೆ ಮೈಮೇಲೆ ಬೀಳುವ ಬಲ ಅವನ ತೂಕದ ನೂರು ಪಟ್ಟು. ಮೂಳೆ ಉಳಿಯುತ್ತದೆಯೇ? ಅದೇ ಮನುಷ್ಯ ಖಾಲಿ ರಟ್ಟಿನ ಡಬ್ಬಗಳ ರಾಶಿಯ ಮೇಲೆ ಬಿದ್ದು, ಅವು ನಜ್ಜುಗುಜ್ಜಾಗುತ್ತಾ ಅವನನ್ನು ಒಂದು ಮೀಟರ್ ಉದ್ದಕ್ಕೆ ನಿಧಾನವಾಗಿ ನಿಲ್ಲಿಸಿದರೆ ಬಲ ಆರೇ ಪಟ್ಟು. ಎದ್ದು ಮೈ ಕೊಡವಿಕೊಂಡು ಟೀ ಕುಡಿಯಲು ಹೋಗಬಹುದು. ಮಾರ್ಕೆಟ್ ಫೈಟಿಂಗಿನಲ್ಲಿ ಅಷ್ಟೊಂದು ಖಾಲಿ ಡಬ್ಬ ಯಾಕೆ ಜೋಡಿಸಿರ್ತಾರೆ ಅಂತ ಈಗ ತಿಳಿಯಿತಲ್ಲ!

ನಮ್ಮ ಹುಡುಗರು ಓಡುವ ಬಸ್ಸಿನ ಫುಟ್‌ಬೋರ್ಡಿನಿಂದ ಹೀರೋ ಸ್ಟೈಲಿನಲ್ಲಿ ಹಾರುತ್ತಾರೆ. ಕಾಲು ನೆಲಕ್ಕೆ ತಾಗಿ ನಿಂತಿತು, ಮೇಲಿನ ಮೈಗೆ ಇನ್ನೂ ಬಸ್ಸಿನದೇ ವೇಗ. ಇದೇ ಮೇಷ್ಟ್ರು ಹೇಳಿದ ಜಡತ್ವ. ಅಲ್ಲಿ ಯಾವ ಡಬ್ಬವೂ ಇಲ್ಲ ಸ್ವಾಮಿ. ಬೈಕಿನದು ಇನ್ನೂ ಮೋಸ. ವೇಗ ಎರಡು ಪಟ್ಟಾದರೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ನಾಲ್ಕು ಪಟ್ಟು ದಾರಿ ಬೇಕು.

ನೀರಿಗೆ ಹಾರಿದರೆ ಏನೂ ಆಗಲ್ಲ ಎನ್ನುವವರೂ ಇದ್ದಾರೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿ ಗುಡಿ’ ಚಿತ್ರೀಕರಣ. ಹೆಲಿಕಾಪ್ಟರಿನಿಂದ ನಾಯಕ ದುನಿಯಾ ವಿಜಯ್, ಖಳನಟರಾದ ಅನಿಲ್ ಮತ್ತು ಉದಯ್ ನೀರಿಗೆ ಹಾರಿದರು. ವಿಜಯ್ ಬದುಕಿ ಬಂದರು. ಅನಿಲ್, ಉದಯ್ ಮುಳುಗಿಹೋದರು. ಬರೆಯುವಾಗ ಈಗಲೂ ನನ್ನ ಕೈ ತಡೆಯುತ್ತದೆ.

ಅವರು ಹಾರಿದ್ದು ನೆಲಕ್ಕಲ್ಲ, ನೀರಿಗೆ. ನೀರು ನಮ್ಮ ಮೈಯನ್ನು ಮೇಲಕ್ಕೆ ಒತ್ತುತ್ತದೆ, ಆ ಒತ್ತು ಹೆಚ್ಚುಕಡಿಮೆ ನಮ್ಮ ತೂಕಕ್ಕೇ ಸಮ. ಮೂಗು, ಬಾಯಿ ನೀರಿನ ಮೇಲೆ ನಿಲ್ಲಲು ಇನ್ನು ಸ್ವಲ್ಪವೇ ಬೇಕು. ಸಾಧಾರಣ ಲೈಫ್ ಜಾಕೆಟ್ ಕೊಡುವುದು ಸುಮಾರು ಹತ್ತು ಕಿಲೋ ಎತ್ತುವಷ್ಟು ಬಲ. ಹೆಲಿಕಾಪ್ಟರ್ ಬಂದಿತ್ತು, ಕ್ಯಾಮೆರಾ ಬಂದಿತ್ತು. ಆ ಇಬ್ಬರ ಮೈಮೇಲೆ ಜಾಕೆಟ್ ಇರಲಿಲ್ಲ.