ಹುತ್ತದೊಳಗೆ ಮಾರುವೇಷ

ಬೈಂದೂರಿನ ಒತ್ತಿನೆಣೆ ಗುಡ್ಡದಿಂದ ಕೊಲ್ಲೂರಿನ ಕಾಡಂಚಿನವರೆಗೆ, ಮುರಕಲ್ಲಿನ ನೆಲದ ಮೇಲೆ ಎಲ್ಲಿ ನಾಲ್ಕು ಮರಗಳ ಹಾಡಿ ಉಳಿದಿದೆಯೋ ಅಲ್ಲಿ ಒಂದಾದರೂ ಹುತ್ತ ಕಣ್ಣಿಗೆ ಬೀಳುತ್ತದೆ. ಹುತ್ತ ಎಂದೊಡನೆ ನಮ್ಮ ಊರಿನವರ ಮನಸ್ಸು ನಾಗನ ಕಡೆಗೆ ಹೋಗುತ್ತದೆ. ಹಾವು ಹುತ್ತ ಸೇರುವುದು ನಿಜ. ಆದರೆ ಅದು ಸೇರುವುದು ಹೆಚ್ಚಾಗಿ ಒರಲೆ ಬಿಟ್ಟುಹೋದ ಹುತ್ತವನ್ನು. ಒರಲೆ ಇನ್ನೂ ಸಂಸಾರ ನಡೆಸುತ್ತಿರುವ ಹುತ್ತದೊಳಕ್ಕೆ ಹೋಗುವುದು ಬೇರೆಯೇ ಸಾಹಸ. ಒಳಗೆ ಬೆಳಕಿಲ್ಲ, ಸುರಂಗಗಳು ಇಕ್ಕಟ್ಟು, ಪ್ರತಿ ತಿರುವಿನಲ್ಲೂ ಮನೆಯವರಿದ್ದಾರೆ, ಬಂದ ತೂತು ಹಿಂತಿರುಗುವಷ್ಟರಲ್ಲಿ ಮುಚ್ಚಿಹೋಗಿರುತ್ತದೆ. ಹೀಗಿದ್ದೂ ಹೋಗುವವರಿದ್ದಾರೆ. ಕೆಲವರು ದಂಡು ಕಟ್ಟಿ ಹೋಗುತ್ತಾರೆ, ಕೆಲವರು ವೇಷ ಮರೆಸಿ ಹೋಗುತ್ತಾರೆ. ವೇಷ ಮರೆಸಿದವರು ತೆರುವ ಬೆಲೆ ಎಷ್ಟು ದೊಡ್ಡದೆಂದು ತಿಳಿದಷ್ಟೂ ನನಗೆ ಬೆರಗು ಹೆಚ್ಚುತ್ತದೆ.

ಮೊದಲು ಕೋಟೆಯ ಬಗ್ಗೆ ಹೇಳಬೇಕು. ಹುತ್ತದ ಹೊರಮೈಯಿಂದ ಅಂಗೈಯಗಲದ ಹೆಂಟೆಯೊಂದು ಉದುರಿದ ಜಾಗವನ್ನು ಸ್ವಲ್ಪ ಹೊತ್ತು ಕೂತು ನೋಡಿ. ಆರಂಭದಲ್ಲಿ ಅಲ್ಲೇನೂ ಕಾಣುವುದಿಲ್ಲ, ಬರಿಯ ತೂತು. ತುಸು ಹೊತ್ತಿಗೆಲ್ಲ ಕಂದು ತಲೆಯ ಸೈನಿಕರು ತೂತಿನ ಬಾಯಿಗೆ ಬಂದು, ಬಾಗಿದ ಚೂಪು ದವಡೆಗಳನ್ನು ಅಗಲಿಸಿ ಹೊರಮುಖವಾಗಿ ನಿಲ್ಲುತ್ತಾರೆ. ಅವರ ಬೆನ್ನ ಹಿಂದೆ ಕೆಲಸಗಾರ ಒರಲೆಗಳು ಬರುತ್ತವೆ. ಒಂದೊಂದರ ಬಾಯಲ್ಲೂ ಒದ್ದೆ ಮಣ್ಣಿನ ಒಂದು ಉಂಡೆ, ಸಾಸಿವೆಕಾಳಿಗಿಂತ ಚಿಕ್ಕದು. ಅದನ್ನು ಒಡೆದ ಅಂಚಿಗೆ ಇಟ್ಟು, ತಲೆಯಿಂದ ಒತ್ತಿ ಕೂರಿಸಿ, ಹಿಂದೆ ಸರಿದು ಮತ್ತೊಂದು ಉಂಡೆ ತರಲು ಹೋಗುತ್ತವೆ. ಕೆಲಸಗಾರರಲ್ಲಿ ದೊಡ್ಡವು, ಚಿಕ್ಕವು ಎಂದು ಎರಡು ಬಗೆ. ಅವು ಮಾಡುವ ಉಂಡೆಗಳ ಗಾತ್ರವೂ ಬೇರೆ ಬೇರೆ. ಅಂಚಿನಿಂದ ಒಳಮುಖವಾಗಿ ತೂತು ಕಿರಿದಾಗುತ್ತಾ ಬಂದು, ಕೊನೆಗೆ ಸೈನಿಕರೂ ಒಳಸರಿದು, ಬಾಗಿಲು ಮುಚ್ಚಿಕೊಳ್ಳುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನಿ ರೆನೀ ಬೋರ್ಜಸ್ ಮತ್ತು ಸಿವಿಲ್ ಎಂಜಿನಿಯರಿಂಗ್ ವಿಭಾಗದ ತೇಜಸ್ ಮೂರ್ತಿ ಅವರ ತಂಡ ಈ ಮಣ್ಣಿನ ಕೆಲಸವನ್ನು ವರ್ಷಗಳಿಂದ ಪರೀಕ್ಷಿಸುತ್ತಾ ಬಂದಿದೆ. ಅವರು ಆರಿಸಿಕೊಂಡದ್ದು ದಕ್ಷಿಣ ಭಾರತದಲ್ಲಿ ಎಲ್ಲೆಡೆ ಹುತ್ತ ಕಟ್ಟುವ ಒಡಾಂಟೊಟರ್ಮಿಸ್ ಒಬೆಸಸ್ ಎಂಬ ಒರಲೆಯನ್ನು. ಒರಲೆ ತನ್ನ ದ್ರವ ಬೆರೆಸಿ ಕಟ್ಟಿದ ಮಣ್ಣು, ಅದೇ ಜಾಗದ ಸಾಮಾನ್ಯ ಮಣ್ಣಿಗಿಂತ ಸುಮಾರು ಹತ್ತು ಪಟ್ಟು ಗಟ್ಟಿ ಎಂದು 2016ರಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತು. ನಮ್ಮ ಕರಾವಳಿಯ ಜಡಿಮಳೆಗೆ ಸಿಕ್ಕಿಯೂ ಹುತ್ತ ಕರಗಿ ಹರಿದು ಹೋಗದಿರುವುದು ಈ ಅಂಟಿನಿಂದ.

ಗೋಡೆ ಗಟ್ಟಿಯಿದ್ದರೆ ಸಾಲದು, ಕಾವಲೂ ಬೇಕಲ್ಲ. ಕೆಲಸಗಾರರಿಗಾಗಲಿ ಸೈನಿಕರಿಗಾಗಲಿ ಕಣ್ಣಿಲ್ಲ. ಅವು ಲೋಕವನ್ನು ತಿಳಿಯುವುದು ನೆಲದ ಕಂಪನದಿಂದ ಮತ್ತು ವಾಸನೆಯಿಂದ. ಅಪಾಯ ಅರಿತ ಸೈನಿಕ ತಲೆಯನ್ನು ಸುರಂಗದ ನೆಲಕ್ಕೆ ಪಟಪಟನೆ ಬಡಿಯುತ್ತದೆ. ಜರ್ಮನಿಯ ಫೆಲಿಕ್ಸ್ ಹೇಗರ್ ಮತ್ತು ವುಲ್ಫ್‌ಗಾಂಗ್ ಕಿರ್ಚ್‌ನರ್ 2013ರಲ್ಲಿ ಆಫ್ರಿಕದ ಮ್ಯಾಕ್ರೊಟರ್ಮಿಸ್ ಒರಲೆಯಲ್ಲಿ ಇದನ್ನು ಅಳೆದರು. ನಮ್ಮ ಹುತ್ತದ ಒರಲೆಯ ಕುಲಕ್ಕೇ ಸೇರಿದ ಒಂದು ಒಡಾಂಟೊಟರ್ಮಿಸ್ ಕೂಡ ಅವರ ಪರೀಕ್ಷೆಯಲ್ಲಿತ್ತು. ಮ್ಯಾಕ್ರೊಟರ್ಮಿಸ್ ಸೈನಿಕನ ಬಡಿತ ಸೆಕೆಂಡಿಗೆ ಸುಮಾರು 11 ಸಲ. ಒಬ್ಬನ ಸದ್ದು ಸ್ವಲ್ಪ ದೂರದಲ್ಲೇ ಮಣ್ಣಿನಲ್ಲಿ ಇಂಗಿಹೋಗುತ್ತದೆ. ಅದು ಇಂಗುವ ಮೊದಲೇ ಪಕ್ಕದ ಸೈನಿಕ ಬಡಿಯತೊಡಗುತ್ತದೆ, ಅದನ್ನು ಕೇಳಿ ಮುಂದಿನದು. ಹೀಗೆ ಕೂಗು ಕೈಯಿಂದ ಕೈಗೆ ದಾಟಿ, ಸೆಕೆಂಡಿಗೆ ಒಂದು ಮೀಟರಿಗೂ ಮಿಕ್ಕಿದ ವೇಗದಲ್ಲಿ ದೂರದ ಸುರಂಗಗಳಿಗೂ ಮುಟ್ಟುತ್ತದೆ. ಸದ್ದು ಹತ್ತಿರ ಬಂದಂತೆ ಸೈನಿಕರು ಅತ್ತ ಓಡುತ್ತಾರೆ, ಕೆಲಸಗಾರರು ಒಳಕ್ಕೆ ಓಡುತ್ತಾರೆ.

ಇಂಥ ಜಾಗಕ್ಕೆ ದಂಡೆತ್ತಿ ಹೋಗುವವರಲ್ಲಿ ನಮ್ಮ ಕಣ್ಣೆದುರಿಗೇ ಇರುವುದು ಒಂದು ಕಪ್ಪಿರುವೆ. ತರಗೆಲೆಯ ನಡುವೆ ಮೀಟರುಗಟ್ಟಲೆ ಸಾಲು ಹಿಡಿದು, ಆತುರದಿಂದ ಹರಿಯುವ, ಕಚ್ಚಿದರೆ ಚೆನ್ನಾಗಿಯೇ ಉರಿಯುವ ಹೊಳಪು ಇರುವೆ. ಲೆಪ್ಟೊಜೆನಿಸ್ ಪ್ರೊಸೆಷನಾಲಿಸ್ ಎಂದು ಅದರ ಶಾಸ್ತ್ರೀಯ ಹೆಸರು. ದಕ್ಷಿಣ ಭಾರತದ ಇರುವೆಗಳನ್ನು ಪಟ್ಟಿ ಮಾಡಿದ ಥಾಮಸ್ ಜೆರ್ಡನ್ 1851ರಲ್ಲೇ ಇದನ್ನು ವರ್ಣಿಸಿದ್ದ. ಒರಲೆಯೇ ಇದರ ಮುಖ್ಯ ಬೇಟೆ. ಈ ಸಾಲುಗಳು ಹೇಗೆ ಕವಲೊಡೆಯುತ್ತವೆ, ಕವಲುಗಳ ವಿನ್ಯಾಸ ಇರುವೆಯ ಓಡಾಟವನ್ನು ಹೇಗೆ ಉಳಿಸುತ್ತದೆ ಎಂದು ಬೆಂಗಳೂರಿನಲ್ಲಿ ಅಧ್ಯಯನ ಮಾಡಿ ಟಿ. ವೀಣಾ ಅವರೊಡನೆ 1991ರಲ್ಲಿ ಪ್ರಕಟಿಸಿದವರು ಕೆ.ಎನ್. ಗಣೇಶಯ್ಯ. ಕನ್ನಡದ ಓದುಗರು ಅವರನ್ನು ಇತಿಹಾಸದ ಗುಟ್ಟುಗಳ ಬೆನ್ನು ಹತ್ತುವ ರೋಚಕ ಕಾದಂಬರಿಗಳಿಂದ ಬಲ್ಲರು. ಆ ಕುತೂಹಲ ಇರುವೆ ಸಾಲಿನ ಮೇಲೂ ಹರಿದಿತ್ತು ಎಂಬುದು ನನಗೆ ಸಂತೋಷದ ಸಂಗತಿ.

ಒರಲೆ ಬೇಟೆಯ ಇರುವೆಗಳಲ್ಲಿ ಹೆಚ್ಚು ವಿವರವಾಗಿ ತಿಳಿದಿರುವುದು ಆಫ್ರಿಕದ ಮೆಗಾಪೊನೆರಾ ಅನಾಲಿಸ್. ಇದರ ಬೇಹಿನ ಇರುವೆಯೊಂದು ಒರಲೆ ಮೇಯುತ್ತಿರುವ ಜಾಗ ಹುಡುಕಿ ಬರುತ್ತದೆ. ಆಮೇಲೆ ನೂರಾರು ಇರುವೆಗಳ ದಂಡು ಹೊರಡುತ್ತದೆ. ದೊಡ್ಡವು ಮಣ್ಣಿನ ಹೊದಿಕೆ ಒಡೆಯುತ್ತವೆ, ಚಿಕ್ಕವು ತೂತಿನೊಳಕ್ಕೆ ನುಗ್ಗಿ ಒರಲೆಗಳನ್ನು ಕೊಂದು ಎಳೆದು ತರುತ್ತವೆ. ಸೈನಿಕ ಒರಲೆಯ ದವಡೆಗೆ ಸಿಕ್ಕಿ ಕಾಲು ಕಳೆದುಕೊಳ್ಳುವವು ಇದ್ದೇ ಇರುತ್ತವೆ. ಐವರಿ ಕೋಸ್ಟ್‌ನ ಕೊಮೊಯೆ ರಾಷ್ಟ್ರೀಯ ಉದ್ಯಾನದಲ್ಲಿ ಎರಿಕ್ ಫ್ರಾಂಕ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದಂತೆ, ಗಾಯಗೊಂಡ ಇರುವೆ ದವಡೆಯ ಗ್ರಂಥಿಯಿಂದ ಗಂಧಕಯುಕ್ತ ವಾಸನೆಯೊಂದನ್ನು ಬಿಡುತ್ತದೆ, ಉಳಿದವು ಅದನ್ನು ಎತ್ತಿಕೊಂಡು ಗೂಡಿಗೆ ಮರಳುತ್ತವೆ. ಗೂಡಿನಲ್ಲಿ ಗಾಯವನ್ನು ನೆಕ್ಕಿ ಶುಚಿಮಾಡುತ್ತವೆ. ಗಾಯಕ್ಕೆ ಸೋಂಕು ತಗುಲಿದ್ದರೆ ಮೈಯ ಇನ್ನೊಂದು ಗ್ರಂಥಿಯ ಔಷಧ ದ್ರವವನ್ನೂ ಹಚ್ಚುತ್ತವೆ ಎಂಬುದು 2023ರಲ್ಲಿ ತಿಳಿದ ವಿಷಯ. ಚಿಕಿತ್ಸೆ ಸಿಕ್ಕವುಗಳಲ್ಲಿ ಹೆಚ್ಚಿನವು ಬದುಕುತ್ತವೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಇಷ್ಟು ಬಲವಿದ್ದೂ ಈ ಇರುವೆ ದಂಡು ಹುತ್ತದ ಗರ್ಭಕ್ಕೆ ಕೈ ಹಾಕುವುದಿಲ್ಲ. ಒರಲೆ ಮೇವಿಗಾಗಿ ಹೊರಗೆ ಹಾಕಿದ ಮಣ್ಣಿನ ಹೊದಿಕೆಯ ಕೆಳಗೆ, ನೆಲದ ಮೇಲ್ಪದರದಲ್ಲಿ, ಹಿಂತಿರುಗಲು ದಾರಿ ಇರುವಷ್ಟು ದೂರದಲ್ಲೇ ಅದರ ಕೆಲಸ ಮುಗಿಯುತ್ತದೆ. ಕೊನೆಯ ಕೋಣೆಯವರೆಗೆ, ಒರಲೆ ಬೆಳೆಸುವ ಅಣಬೆತೋಟದವರೆಗೆ, ಮೊಟ್ಟೆಗಳ ರಾಶಿಯವರೆಗೆ ಹೋಗುವವರು ಬೇರೆ.

ಅವರಲ್ಲಿ ಕೆಲವರ ಉಪಾಯ ಸರಳ: ಮನೆಯವರ ಸುರಂಗವನ್ನೇ ಬಳಸದಿರುವುದು. ಕ್ಯಾರೆಬಾರಾ ಕುಲದ ಕಳ್ಳಿರುವೆಗಳಲ್ಲಿ ಕೆಲವು ಎಷ್ಟು ಸಣ್ಣವೆಂದರೆ, ಹುತ್ತದ ಗೋಡೆಯ ದಪ್ಪದೊಳಗೇ ತಮ್ಮದೊಂದು ಎಳೆಸುರಂಗ ಕೊರೆದುಕೊಂಡು ಬದುಕುತ್ತವೆ. ಮೊಟ್ಟೆ, ಮರಿ ಕದ್ದು ತೂರಿಕೊಂಡರೆ ಒರಲೆಯ ತಲೆ ಆ ಸುರಂಗಕ್ಕೆ ಹಿಡಿಸುವುದಿಲ್ಲ. ಈ ಕುಲದ ಇರುವೆಗಳು ನಮ್ಮ ದೇಶದಲ್ಲೂ ಇವೆ.

ಮನೆಯವರ ನಡುವೆಯೇ ಬಾಳಬೇಕಾದವರಿಗೆ ವೇಷ ಬೇಕು. ಕುರುಡರ ಮನೆಯಲ್ಲಿ ವೇಷವೆಂದರೆ ಮೊದಲು ವಾಸನೆ. ಕೀಟದ ಮೈ ಒಣಗದಂತೆ ಹೊರಚರ್ಮದ ಮೇಲೆ ಹೈಡ್ರೋಕಾರ್ಬನ್‌ಗಳ ತೆಳುಮೇಣವಿರುತ್ತದೆ. ಒರಲೆ ಎದುರಾದವರ ಮೈಯನ್ನು ಮೀಸೆಯಿಂದ ಸವರಿ, ಆ ಮೇಣದ ಮಿಶ್ರಣದಿಂದಲೇ ನಮ್ಮವನೋ ಅನ್ಯನೋ ಎಂದು ತೀರ್ಮಾನಿಸುತ್ತದೆ. ಅಮೆರಿಕದ ರಾಲ್ಫ್ ಹೋವರ್ಡ್ ಮತ್ತು ಸಂಗಡಿಗರು ಒರಲೆಯ ಜೊತೆ ಬದುಕುವ ಟ್ರೈಕೊಪ್ಸೀನಿಯಸ್ ಎಂಬ ಪುಟ್ಟ ದುಂಬಿಯ ಮೇಣವನ್ನು ವಿಶ್ಲೇಷಿಸಿ 1980ರಲ್ಲಿ ಪ್ರಕಟಿಸಿದರು. ದುಂಬಿಯ ಮೇಣವೂ ಆತಿಥೇಯ ಒರಲೆಯ ಮೇಣವೂ ಒಂದೇ ಪಟ್ಟಿಯ ರಾಸಾಯನಿಕಗಳಾಗಿದ್ದವು. ಒರಲೆಗೆ ಉಜ್ಜಿಕೊಂಡು ಬಂದ ವಾಸನೆಯೂ ಅದಾಗಿರಲಿಲ್ಲ. ದುಂಬಿ ತನ್ನ ಮೈಯಲ್ಲೇ ಅದನ್ನು ತಯಾರಿಸುತ್ತಿತ್ತು.

ವಾಸನೆ ಸಾಕಾಗದೆ ಆಕಾರವನ್ನೂ ಬದಲಿಸಿದವು ಇವೆ. ಉತ್ತರ ಆಸ್ಟ್ರೇಲಿಯದ ಆಸ್ಟ್ರೊಸ್ಪಿರಾಕ್ಥಾ ಕ್ಯಾರಿಜೋಯಿ ಎಂಬ ದುಂಬಿಯನ್ನು 2023ರಲ್ಲಿ ವರ್ಣಿಸಲಾಯಿತು. ಅದರ ಹೊಟ್ಟೆ ಊದಿ, ಮೇಲಕ್ಕೆ ಮಡಚಿ, ಬೆನ್ನಿನ ಮೇಲೆ ಹರಡಿಕೊಂಡಿದೆ. ಆ ಊದಿದ ಭಾಗದಲ್ಲಿ ತಲೆಯ ರೂಪ, ಕಾಲು ಮೀಸೆಗಳಂತೆ ಚಾಚಿದ ಮೂರು ಜೊತೆ ಎಳೆಗಳು. ಮುಟ್ಟಿ ನೋಡಿದ ಒರಲೆಗೆ ಸಿಗುವುದು ಇನ್ನೊಂದು ಒರಲೆ. ಬಾಯಿ ಬಹಳ ಚಿಕ್ಕದಾದ್ದರಿಂದ ಒರಲೆಗಳೇ ಇದಕ್ಕೆ ತುತ್ತು ಕೊಡುತ್ತಿರಬೇಕೆಂದು ವಿಜ್ಞಾನಿಗಳ ಊಹೆ. ಇಂಥ ಕಳ್ಳ ಅತಿಥಿಗಳ ವಂಶ ಎಷ್ಟು ಹಳೆಯದು ಎಂಬುದಕ್ಕೆ ಮ್ಯಾನ್ಮಾರ್‌ನ ಅಂಬರಿನಲ್ಲಿ ಸಿಕ್ಕ ದುಂಬಿಯೊಂದು ಸಾಕ್ಷಿ. ಅದರ ವಯಸ್ಸು ಸುಮಾರು 9.9 ಕೋಟಿ ವರ್ಷ. ಡೈನೋಸಾರ್‌ಗಳ ಕಾಲದಲ್ಲೇ ಒರಲೆಗೂಡಿನಲ್ಲಿ ಇಂಥ ಅತಿಥಿಗಳಿದ್ದರು.

ವೇಷ ಹಾಕಲು ಪ್ರಾಣಿಯೇ ಆಗಬೇಕೆಂದಿಲ್ಲ. ಜಪಾನಿನ ಕೆಂಜಿ ಮತ್ಸುರಾ ಅಲ್ಲಿನ ಒರಲೆಗಳ ಮೊಟ್ಟೆರಾಶಿಯಲ್ಲಿ ಕಂದುಬಣ್ಣದ ಗುಂಡುಗಳನ್ನು ಕಂಡರು. ಅವು ಶಿಲೀಂಧ್ರವೊಂದರ ಗಟ್ಟಿ ಉಂಡೆಗಳು. ಅಗಲ ಮೊಟ್ಟೆಯಷ್ಟೇ, ಮೇಲಾಗಿ ಮೊಟ್ಟೆಯ ಗುರುತಾಗಿರುವ ಒಂದು ಕಿಣ್ವ ಅವುಗಳಲ್ಲೂ ಇದೆ. ಒರಲೆಗಳು ಅವನ್ನು ನೆಕ್ಕಿ, ಒರೆಸಿ, ಮೊಟ್ಟೆಗಳ ಜೊತೆಗೆ ಕಾಪಾಡುತ್ತವೆ.

ಹಿಂದಾರಿಯನ್ನು ಪೂರಾ ಕಳೆದುಕೊಂಡದ್ದು ಮಾತ್ರ ಒಂದು ನೊಣ. ಟರ್ಮಿಟಾಕ್ಸಿನಿಗಳೆಂಬ ಈ ಪುಟ್ಟ ನೊಣಗಳು ಆಫ್ರಿಕ ಮತ್ತು ಏಷ್ಯಾದಲ್ಲಿ, ಅಣಬೆ ಬೆಳೆಸುವ ಒರಲೆಗಳ ಅತಿಥಿಗಳು. ಮಳೆ ಬಿದ್ದಾಗ ಹುತ್ತದ ಬುಡದಲ್ಲಿ ಮೂಡುವ, ನಮ್ಮ ಮನೆಗಳಲ್ಲಿ ಪಲ್ಯವಾಗುವ ಅಣಬೆ ಇದೆಯಲ್ಲ, ಅದನ್ನು ಬೆಳೆಸುವ ಒರಲೆ ಬಳಗವೇ ಇದರ ಆತಿಥೇಯ, ಒಡಾಂಟೊಟರ್ಮಿಸ್ ಕೂಡ ಅದರಲ್ಲಿ ಸೇರಿದೆ. ಹೆಣ್ಣುನೊಣ ಹಾರಿಬಂದು ಒರಲೆಗೂಡು ಸೇರುವಾಗ ರೆಕ್ಕೆಗಳನ್ನು ಕಳಚಿಹಾಕುತ್ತದೆ, ಮೋಟು ಮಾತ್ರ ಉಳಿಯುತ್ತದೆ. ಒಳಗೆ ಅದರ ಹೊಟ್ಟೆ ಬಿಳಿಚಿಕೊಂಡು ಊದತೊಡಗುತ್ತದೆ, ಕ್ರಮೇಣ ನೊಣವೆಂದು ಗುರುತೇ ಸಿಗದಂತಾಗುತ್ತದೆ. ಪ್ರೌಢವಾದ ಕೀಟ ಮತ್ತೆ ಬೆಳೆಯುವುದು ಅಪರೂಪ, ಇಲ್ಲಿ ಬೆಳೆಯುತ್ತದೆ.

ಮೆಗಾಪೊನೆರಾದ ಗಾಯಾಳುವನ್ನು ಹೊತ್ತು ತರುವವರಿದ್ದರು, ಕಳ್ಳಿರುವೆಗೆ ಗೋಡೆಯ ಸಂದು ಇತ್ತು. ಈ ನೊಣಕ್ಕೆ ಹುತ್ತ ಬಿಟ್ಟರೆ ಬೇರೆ ಗತಿಯಿಲ್ಲ. ಅದು ಇಡುವ ಮೊಟ್ಟೆ ಮೈಗೆ ಹೋಲಿಸಿದರೆ ಬಹಳ ದೊಡ್ಡದು. ಒಡೆದು ಬರುವ ಹುಳು ಆಗಲೇ ಪೂರ್ತಿ ಬೆಳೆದಿರುತ್ತದೆ, ಏನನ್ನೂ ತಿನ್ನದೆ ಬಹುಬೇಗ ಕೋಶ ಕಟ್ಟುತ್ತದೆ. ಆ ಕೋಶದಿಂದ ಹೊರಬರುವ ಹೆಣ್ಣಿಗೆ ರೆಕ್ಕೆಗಳಿರುತ್ತವೆ. ಅದು ಹಾರಿಹೋಗಿ ಇನ್ನೊಂದು ಹುತ್ತ ಹುಡುಕುತ್ತದೆ.